ಬಾಯಿ ಮುಚ್ಚಿಕೊಂಡ ಸೊಪ್ರಾನೊ

ಅರಸೀಕೆರೆಯಲ್ಲಿ ಆಪರಾ ಹಾಡುವವಳು ನಾನೊಬ್ಬಳೇ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಇದಕ್ಕೆ ಯಾರೂ ಆಧಾರ ಕೊಟ್ಟಿಲ್ಲ. ಇನ್ನೊಬ್ಬರು ಇದ್ದರೂ, ಅವರೂ ನನ್ನ ಹಾಗೆ ಕಿಟಕಿ ಬಾಗಿಲು ಹಾಕಿಕೊಂಡು, ಫ್ಯಾನು ಜೋರಾಗಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರೆ ಗೊತ್ತಾಗುವುದು ಹೇಗೆ. ಆದರೂ ವಾದಕ್ಕಾಗಿ ಒಪ್ಪಿಕೊಳ್ಳೋಣ.

ಆಪರಾ ಎಂದರೆ ಏನು ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ ಒಂದೇ. ನಮ್ಮ ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕ ನೋಡಿದ್ದೀರಲ್ಲ, ಗದೆ ಏಟು ತಿಂದು ಬಿದ್ದ ರಾಜ ಸಾಯುವ ಮುಂಚೆ ಎದ್ದು ಕೂತು ಪೂರ್ತಿ ಹಾಡು ಹೇಳುತ್ತಾನಲ್ಲ, ಅದೇ. ಹಾರ್ಮೋನಿಯಂ ಇರುವ ಕಡೆ ದೊಡ್ಡ ವಾದ್ಯವೃಂದ ಇರುತ್ತದೆ, ಭಾಷೆ ಇಟಲಿಯದೋ ಜರ್ಮನಿಯದೋ ಆಗಿರುತ್ತದೆ, ಮೈಕು ಇರುವುದಿಲ್ಲ. ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಸೊಪ್ರಾನೊ ಎನ್ನುತ್ತಾರೆ. ನನ್ನದು ಅದು. ಇಷ್ಟು ಹೇಳಿದ ಮೇಲೆ ಕೇಳಿದವರು ಸಾಮಾನ್ಯವಾಗಿ, "ಮೈಕು ಯಾಕಿರಲ್ಲ?" ಅನ್ನುತ್ತಾರೆ. ಉಳಿದ ಯಾವುದರ ಬಗ್ಗೆಯೂ ಅವರಿಗೆ ತಕರಾರಿಲ್ಲ.

ನಾನು ಆಪರಾಗೆ ಹೋದದ್ದು ಹಾಡಲು ಅಲ್ಲ, ದೂರು ಕೊಡಲು. ಡಿಗ್ರಿ ಓದುವಾಗ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸ್ಪರ್ಧೆ, ನಮ್ಮದು ಕೊನೆಯ ಸುತ್ತು. ಎದುರು ತಂಡದವನು ಮಾತಾಡುತ್ತಿದ್ದ ಹೊತ್ತಿಗೆ ಪಕ್ಕದ ಸಭಾಂಗಣದಿಂದ ಯಾರೋ ಹೆಂಗಸು ಕಿರುಚುತ್ತಿರುವ ಸದ್ದು ಬರತೊಡಗಿತು. ಅವನು ಸೋಲುತ್ತಿದ್ದ. ಆ ಸದ್ದನ್ನು ನೆಪ ಮಾಡಿಕೊಂಡು ಸಮಯ ಹೆಚ್ಚು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು. ನನ್ನ ಸರದಿ ಮುಗಿದಿದ್ದರಿಂದ ನಾನೇ ಎದ್ದು ಹೋದೆ. ಸಭಾಂಗಣದ ಬಾಗಿಲಲ್ಲಿ ನಿಂತು, "ಪಕ್ಕದಲ್ಲಿ ಸ್ಪರ್ಧೆ ನಡೀತಿದೆ, ದಯವಿಟ್ಟು ನಿಲ್ಲಿಸ್ತೀರಾ?" ಅಂದೆ.

ಹಾಡುತ್ತಿದ್ದವಳು ನಿಲ್ಲಿಸಿದಳು. ವೇದಿಕೆಯ ಮೇಲೆ ಪಿಯಾನೋ ಹತ್ತಿರ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಕತ್ತು ತಿರುಗಿಸಿ ನೋಡಿದರು. ನಮ್ಮಿಬ್ಬರ ನಡುವೆ ಇಡೀ ಸಭಾಂಗಣದ ಖಾಲಿ ಕುರ್ಚಿಗಳಿದ್ದವು.

"ಇನ್ನೊಮ್ಮೆ ಹೇಳು," ಅಂದರು.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

"ಕೇಳಿತು ಮಾರಾಯ್ತಿ, ಮೊದಲನೇ ಸಲವೇ ಕೇಳಿತು. ಅಲ್ಲಿಂದ ಇಲ್ಲಿಗೆ ಮೈಕಿಲ್ಲದೆ ಕೇಳಿತು. ಅದಕ್ಕೇ ಇನ್ನೊಮ್ಮೆ ಹೇಳಿಸಿದ್ದು."

ಅವರು ಮಂಗಳೂರಿನ ಕಡೆಯವರು. ಎಷ್ಟೋ ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿ, ನಿವೃತ್ತರಾದ ಮೇಲೆ ಮನೆಯಲ್ಲಿ ಕೆಲವರಿಗೆ ಹಾಡು ಹೇಳಿಕೊಡುತ್ತಿದ್ದರು. ಅವತ್ತು ನಮ್ಮ ತಂಡ ಗೆದ್ದಿತು. ಟೀಚರ್, ಇನ್ನು ಮುಂದೆ ಅವರನ್ನು ಹಾಗೇ ಕರೆಯುತ್ತೇನೆ, ಬಹುಮಾನ ವಿತರಣೆ ಮುಗಿಯುವವರೆಗೂ ಹೊರಗೆ ಕಾದಿದ್ದು, ವಿಳಾಸ ಕೊಟ್ಟು ಹೋದರು.

ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿಗೆ ಬರವಿಲ್ಲ. ಶನಿವಾರ ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು ಬರುವುದು ಅಭ್ಯಾಸವಾಯಿತು. ಮನೆಯಲ್ಲಿ ಇದನ್ನು ಒಪ್ಪಿಸಲು ಹೆಚ್ಚು ಶ್ರಮವಾಗಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಮನೆಗೆ ಬಂದ ಮೇಲೆ ಯಾವ ಅರ್ಜಿಯನ್ನೂ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಅಮ್ಮ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾರೆ. ಅವರು ಕೇಳಿದ್ದು, "ಸಂಗೀತ ಕಲಿತಾಯ್ತಲ್ಲೇ, ಮತ್ತೆ ಇನ್ನೊಂದ್ ಯಾಕೆ?" ಎಂದು ಮಾತ್ರ. ಅಜ್ಜಿ, ಅಂದರೆ ಅಪ್ಪನ ತಾಯಿ, "ಕಲೀಲಿ ಬಿಡೇ, ಅಷ್ಟು ಹೊತ್ತಾದ್ರೂ ನಮ್ಮ ಹತ್ರ ವಾದ ಮಾಡಲ್ಲ," ಅಂದರು.

ಅಮ್ಮ ಹೇಳಿದ ಸಂಗೀತ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಚಿಕ್ಕಂದಿನಲ್ಲಿ ಕಲಿತದ್ದು. ಸರಳೆ, ಜಂಟಿ, ಅಲಂಕಾರ, ಗೀತೆ, ಕೆಲವು ಕೃತಿಗಳು. ಇದರಿಂದ ಆಪರಾಗೆ ಸಹಾಯವಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಆದ ಸಹಾಯ ಹೀಗಿದೆ: ಕರ್ನಾಟಕ ಸಂಗೀತದಲ್ಲಿ ಒಮ್ಮೆ ಷಡ್ಜ ಹಿಡಿದರೆ ಕಛೇರಿ ಮುಗಿಯುವವರೆಗೂ ಅದೇ ಷಡ್ಜ. ಶ್ರುತಿಪೆಟ್ಟಿಗೆ ಅದನ್ನು ಜ್ಞಾಪಿಸುತ್ತಲೇ ಇರುತ್ತದೆ. ಟೀಚರ್ ಕೊಟ್ಟ ಹಾಡುಗಳಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಷಡ್ಜವೇ ಮನೆ ಬದಲಾಯಿಸುತ್ತದೆ. ಮೊದಲನೇ ಸಲ ಪಿಯಾನೋ ಹಾಗೆ ಎದ್ದು ಹೊರಟಾಗ ನಾನು ಹೊರಡಲಿಲ್ಲ. ಬಲಗೈಯಲ್ಲಿ ತೊಡೆಯ ಮೇಲೆ ತಾಳ ಹಾಕಿಕೊಂಡು, ನನ್ನ ಷಡ್ಜ ಬಿಡದೆ, ಕೊನೆಯವರೆಗೂ ಹಾಡಿ ಮುಗಿಸಿದೆ. ಟೀಚರ್ ನುಡಿಸುವುದನ್ನು ನಿಲ್ಲಿಸಿ ಆಗಲೇ ಸುಮಾರು ಹೊತ್ತಾಗಿತ್ತು.

"ಎಂತದು? ಪಿಯಾನೋ ಬೇರೆ ಕಡೆ ಹೋದದ್ದು ಗೊತ್ತಾಗಲಿಲ್ಲವಾ ನಿನಗೆ?"

"ಗೊತ್ತಾಯ್ತು ಮಿಸ್. ನೀವು ಶ್ರುತಿ ತಪ್ಪಿದ್ರಿ ಅಂದ್ಕೊಂಡೆ. ಹೇಳೋದು ಮರ್ಯಾದೆ ಅಲ್ಲ ಅಂತ ಸುಮ್ನಿದ್ದೆ."

"ಒಳ್ಳೆಯದು. ನೀನು ಸುಮ್ಮನಿದ್ದದ್ದು ಇದೊಂದೇ ವಿಷಯಕ್ಕೆ."

ತಾಳ ಹಾಕುವ ಕೈಯನ್ನು ಬಿಡಿಸಲು ಅವರು ನನ್ನ ಕೈಗೆ ನೀರು ತುಂಬಿದ ಲೋಟ ಕೊಟ್ಟರು. ಕೆಲವು ಶನಿವಾರ ಲಂಗ ಒದ್ದೆ ಮಾಡಿಕೊಂಡೇ ರೈಲು ಹತ್ತಿದೆ. ಉಸಿರಿಗೆ ಬೇರೆ ಪಾಠ. ನೆಲದ ಮೇಲೆ ಮಲಗಿ ಹೊಟ್ಟೆಯ ಮೇಲೆ ಭಾರ ಇಟ್ಟುಕೊಂಡು, ಅದು ಏಳುವ ಹಾಗೆ, ನಿಧಾನ ಇಳಿಯುವ ಹಾಗೆ ಉಸಿರಾಡಬೇಕು. ನಮ್ಮ ಮನೆಯಲ್ಲಿ ಭಾರ ಅಂದರೆ ತೆಂಗಿನಕಾಯಿ. ಅದು ಉರುಳುತ್ತದೆ. ಅಜ್ಜಿ ರಾಗಿ ತುಂಬಿದ ದಿಂಬಿನ ಚೀಲ ಹೊಲಿದುಕೊಟ್ಟು, "ಹಾಡೋಕ್ ಹೋದವ್ಳು ಬಾಣಂತಿ ಥರ ಮಲಗಿದ್ದಾಳೆ," ಎಂದು ಪಕ್ಕದ ಮನೆಗೆ ವರದಿ ಒಪ್ಪಿಸಿದರು.

ಡಿಗ್ರಿ ಮುಗಿದ ಮೇಲೆ ನನ್ನ ವೃತ್ತಿಜೀವನ ಶುರುವಾಯಿತು. ಅದರ ಮೊದಲ ಕಾರ್ಯಕ್ರಮ ಬೇಲೂರಿನ ಒಂದು ಕಲ್ಯಾಣಮಂಟಪದಲ್ಲಿ, ಸೋದರಮಾವನ ಮಗಳ ಆರತಕ್ಷತೆ. ಆರ್ಕೆಸ್ಟ್ರಾದವರು ಊಟಕ್ಕೆ ಎದ್ದ ಬಿಡುವಿನಲ್ಲಿ ನನ್ನನ್ನು ಹತ್ತಿಸಿದರು. ಮೈಕು ಬೇಡ ಎಂದೆ. ಮಾವ, "ಬೇಡ ಅಂದ್ರೆ ಹೇಗಮ್ಮಾ, ಬಾಡಿಗೆ ಕೊಟ್ಟಿಲ್ವಾ," ಎಂದು ಮುಂದೆ ತಂದಿಟ್ಟರು. ಹಾಡಿದೆ. ಮೇಲಿನ ಸ್ವರಕ್ಕೆ ಹೋದಾಗ ಮೊದಲ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಅದನ್ನು ನಾನು ಗಮನ ಎಂದು ಲೆಕ್ಕ ಹಾಕಿದೆ. ಇಳಿದು ಬಂದಾಗ ಸೌಂಡ್ ಸಿಸ್ಟಮ್ಮಿನವನು ಬೇಜಾರಾಗಿ ನಿಂತಿದ್ದ.

"ಸಾರಿ ಮೇಡಂ, ನಿಮ್ಮ ಟೈಮಲ್ಲೇ ಮೈಕು ಕೂಗಕ್ಕೆ ಶುರು ಮಾಡ್ತು. ಆಫ್ ಮಾಡ್ಬಿಟ್ಟೆ."

"ಆಫ್ ಮಾಡಿದ ಮೇಲೂ ಕೂಗ್ತಿತ್ತಲ್ವಾ?"

"ಹೂಂ ಮೇಡಂ. ಅದೇ ಅರ್ಥ ಆಗ್ಲಿಲ್ಲ. ಸೆಟ್ಟು ಹಳೇದು."

ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬುದಕ್ಕೆ ಯಾರೂ ನನಗೆ ಪ್ರಮಾಣ ಕೊಡಬೇಕಾಗಿರಲಿಲ್ಲ. ನನಗೆ ಬರುತ್ತಿದ್ದ ಇನ್ನೊಂದು ವಿದ್ಯೆ ಚರ್ಚೆ. ಹಳೇಬೀಡಿನ ಒಂದು ಕಾಲೇಜಿನಲ್ಲಿ, ಬೇಲೂರಿನ ಎರಡು ಶಾಲೆಗಳಲ್ಲಿ ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುವ ಕೆಲಸ ಹಿಡಿದೆ. ವಾರವಿಡೀ ಜಾವಗಲ್ ಮೇಲೆ ಬಸ್ಸಿನಲ್ಲಿ ಹೋಗುವುದು, ಮಾತಾಡುವುದು, ಬರುವುದು. ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಒಡೆಯಬೇಕು ಎಂದು ಹೇಳಿಕೊಡುತ್ತಿದ್ದೆ. ಅಂದರೆ ಪ್ರತಿ ವಿಷಯಕ್ಕೂ ನಾನು ಎರಡೂ ಕಡೆ ಮಾತಾಡುತ್ತಿದ್ದೆ. ಬಸ್ಸಿನಲ್ಲಿ ಹುಡುಗರು ಸಿಕ್ಕರೆ ಎಂಜಿನ್ ಸದ್ದಿನ ಮೇಲೆ ಚರ್ಚೆ ಮುಂದುವರಿಯುತ್ತಿತ್ತು.

ಒಂದು ಶನಿವಾರ ಟೀಚರ್ ಮನೆಯಲ್ಲಿ ನಡುವಿನ ಒಂದು ಸ್ವರ ಬರಲಿಲ್ಲ. ಮೇಲಿನದು ಬಂತು, ಕೆಳಗಿನದು ಬಂತು. ನಡುವೆ, ದಿನಾ ನಿದ್ದೆಗಣ್ಣಲ್ಲೂ ಹಾಡುತ್ತಿದ್ದ ಜಾಗದಲ್ಲಿ, ದನಿಯ ಬದಲು ಗಾಳಿ ಬಂತು. ಇನ್ನೊಮ್ಮೆ ಹಾಡಿದೆ. ಗಾಳಿ. ಟೀಚರ್ ಮೂರನೇ ಸಲ ಕೇಳಲಿಲ್ಲ. ಪಿಯಾನೋ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

ಅವರು ಹಾಗೆ ಕೂರಲು ಕಾರಣವಿತ್ತು. ಬೆಂಗಳೂರಿನಲ್ಲಿ ಒಂದು ತಂಡ ಇಟಾಲಿಯನ್ ಆಪರಾ ಆಡಿಸುವುದರಲ್ಲಿತ್ತು. ಅದರಲ್ಲಿ ಮನೆಗೆಲಸದವಳ ಪಾತ್ರಕ್ಕೆ ನನ್ನನ್ನು ಹಾಡಿನ ಪರೀಕ್ಷೆಗೆ ಕರೆದಿದ್ದರು. ಪಾತ್ರ ಚಿಕ್ಕದು, ಆದರೆ ರಂಗದ ಮೇಲೆ, ವೇಷ ಹಾಕಿ, ವಾದ್ಯವೃಂದದ ಜೊತೆ. ಟೀಚರ್ ಶಿಷ್ಯರಲ್ಲಿ ಯಾರಿಗೂ ಆವರೆಗೆ ಕರೆ ಬಂದಿರಲಿಲ್ಲ. ಪರೀಕ್ಷೆಗೆ ಒಂದು ತಿಂಗಳ ಮೇಲೆ ಸ್ವಲ್ಪ ಸಮಯವಿತ್ತು.

ಹಾಸನದ ಗಂಟಲಿನ ಡಾಕ್ಟರು ಮೂಗಿನ ಮೂಲಕ ಸಣ್ಣ ಕ್ಯಾಮರಾ ಬಿಟ್ಟು ನೋಡಿದರು. ಜೊತೆಗೆ ಅಪ್ಪ ಬಂದಿದ್ದರು. ಕಿರುಚಿ ಕಿರುಚಿ ಹೀಗಾಗಿದೆ ಎಂಬುದು ಮನೆಯವರ ಒಮ್ಮತದ ತೀರ್ಪು.

"ಏನ್ ಮಾಡ್ತೀರಾ ನೀವು?" ಡಾಕ್ಟರು ಕೇಳಿದರು.

"ಆಪರಾ ಹಾಡ್ತಾಳೆ ಸಾರ್," ಅಪ್ಪ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದರು.

"ದಿನಾ ಎಷ್ಟು ಹೊತ್ತು?"

"ಒಂದು ಗಂಟೆ," ಅಂದೆ ನಾನು.

"ಉಳಿದ ಹೊತ್ತು?"

"ಚರ್ಚೆ ಹೇಳಿಕೊಡ್ತೀನಿ."

"ಅದು ಎಷ್ಟು ಹೊತ್ತು?"

ಅಪ್ಪ ಮೊದಲ ಬಾರಿಗೆ ನಕ್ಕರು. "ಎದ್ದಿರೋವಷ್ಟು ಹೊತ್ತೂ ಸಾರ್."

ಧ್ವನಿತಂತುಗಳ ಮೇಲೆ ಎರಡೂ ಕಡೆ ಸಣ್ಣ ಊತ ಇತ್ತು. ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ನಡುವಿನ ಗಾಳಿ ಕಾಯಂ. ಡಾಕ್ಟರು ಪರದೆಯ ಮೇಲೆ ತೋರಿಸಿ ಹೇಳಿದರು, ಹಾಡಿನಿಂದ ಆಗಿದ್ದಲ್ಲ ಇದು, ಮಾತಿನಿಂದ ಆಗಿದ್ದು; ಹಾಡುವಾಗ ಇವರಿಗೆ ಉಸಿರು ಕೊಡೋದು ಗೊತ್ತು, ಮಾತಾಡುವಾಗ ಗೊತ್ತಿಲ್ಲ. ಆಮೇಲೆ ಔಷಧ ಹೇಳಿದರು. ಮೂರು ವಾರ, ಮುಂದಿನ ತಪಾಸಣೆಯವರೆಗೆ, ಬಾಯಿ ಬಿಡಬಾರದು. ಪಿಸುಮಾತು ಕೂಡ ಬೇಡ, ಅದು ಇನ್ನೂ ಕೆಟ್ಟದ್ದು. ಕೆಮ್ಮು ಬಂದರೆ ನೀರು ಕುಡಿದು ನುಂಗಬೇಕು.

ನಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ಕೇಳಲು ಬಾಯಿ ತೆಗೆದೆ. ಡಾಕ್ಟರು ಬೆರಳೆತ್ತಿದರು. ಔಷಧ ಶುರುವಾಗಿತ್ತು.

ಮನೆಯಲ್ಲಿ ಮೊದಲ ದಿನಗಳು ಎಲ್ಲರಿಗೂ ಸುಖವಾಗಿದ್ದವು ಎಂದು ಹೇಳಬೇಕು. ಅಮ್ಮ ಚುನಾವಣೆಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಪೂರ್ತಿ ವಾಕ್ಯದಲ್ಲಿ ಹೇಳಿ ಮುಗಿಸಿದರು. ಅಪ್ಪ ಪಂಚಾಂಗ ನೋಡಿ ಗಾಡಿ ರಿಪೇರಿಗೆ ಒಳ್ಳೆಯ ದಿನ ಹುಡುಕಿದರು, ನನ್ನ ಎದುರಿಗೇ. ನಾನು ಫೋನಿನಲ್ಲಿ ಬರೆದು ತೋರಿಸುತ್ತಿದ್ದೆ. ಆದರೆ ಬರೆದು ಮುಗಿಸುವಷ್ಟರಲ್ಲಿ ಎದುರಾಳಿ ಅಡಿಗೆಮನೆಗೆ ಹೋಗಿರುತ್ತಿದ್ದರು.

ತೊಂದರೆ ಶುರುವಾದದ್ದು ಪಕ್ಕದ ಮನೆಯ ಆಂಟಿಯಿಂದ. ಅವರು ಕಾಂಪೌಂಡಿನ ಆಚೆಯಿಂದ ನನ್ನನ್ನು ಏನೋ ಕೇಳಿದರು, ನಾನು ಉತ್ತರ ಕೊಡಲಿಲ್ಲ. ಅಜ್ಜಿ, "ಅವಳು ಮೌನದಲ್ಲಿದ್ದಾಳೆ ಕಣೇ," ಅಂದರು. ವೈದ್ಯಕೀಯ ಅರ್ಥದಲ್ಲೇ ಅಂದರು ಎಂದು ಆಮೇಲೆ ಹೇಳಿದರು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ನಾನು ಮೌನವ್ರತ ಹಿಡಿದಿದ್ದೆ. ಮರುದಿನ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಹರಕೆ ಹೊತ್ತು ಹಿಡಿದಿದ್ದೆ. ಅದಾದ ಮೇಲೆ ವೆಂಕಟರಮಣನೇ ಕನಸಿನಲ್ಲಿ ಬಂದು ಹಿಡಿ ಎಂದಿದ್ದ.

ಅಪ್ಪ ಆಂಟಿಯನ್ನು ನಿಲ್ಲಿಸಿಕೊಂಡು ಊತ, ಕ್ಯಾಮರಾ, ತಂತು ಎಲ್ಲ ವಿವರಿಸಿದರು. ನಾನು ಬಾಗಿಲ ಹಿಂದಿನಿಂದ ಕೇಳುತ್ತಿದ್ದೆ.

"ಡಾಕ್ಟರು ಹೇಳಿದ್ರೆ ಕೇಳೋ ಹುಡುಗೀನಾ ಅದು?" ಆಂಟಿ ಅಂದರು. "ನೀವೇ ಹೇಳಿ. ಅಪ್ಪ ಹೇಳಿದ್ರೆ ಕೇಳಿದ್ಲಾ? ಮೇಷ್ಟ್ರು ಹೇಳಿದ್ರೆ ಕೇಳಿದ್ಲಾ? ಯಾರು ಹೇಳಿದ್ರೂ ಬಾಯಿ ಮುಚ್ಚದವ್ಳು ಈಗ ಮುಚ್ಚಿದ್ದಾಳೆ ಅಂದ್ರೆ, ಮನುಷ್ಯರು ಹೇಳಿದ್ದಲ್ಲ ಅದು."

ವಾದದ ಆಧಾರ ಸರಿಯಾಗಿತ್ತು, ಸಾಕ್ಷಿ ಊರಿಗೇ ಗೊತ್ತಿದ್ದದ್ದು, ತೀರ್ಮಾನಕ್ಕೆ ಹಾದಿ ನೇರ. ನಾನು ತೀರ್ಪುಗಾರಳಾಗಿದ್ದರೆ ಆಂಟಿಗೆ ಕೊಡುತ್ತಿದ್ದೆ. ಅಪ್ಪ ಚಪ್ಪಲಿ ಮೆಟ್ಟಿ ಕಚೇರಿಗೆ ಹೊರಟರು.

ಜನ ಬರತೊಡಗಿದರು. ಒಂದು ಬಾಳೆಹಣ್ಣಿನ ಚಿಪ್ಪು, ಒಂದು ತೆಂಗಿನಕಾಯಿ, ಎಲೆ ಅಡಿಕೆ. ನಡುಮನೆಯಲ್ಲಿ ನನ್ನೆದುರು ಕೂತು ಸೊಸೆಯ ವಿಷಯ, ಮಂಡಿನೋವಿನ ವಿಷಯ, ವರ್ಗಾವಣೆಯ ವಿಷಯ ಹೇಳಿಕೊಂಡು ಹಗುರಾಗಿ ಎದ್ದು ಹೋಗುತ್ತಿದ್ದರು. ನಾನು ಬರೆದಿಟ್ಟುಕೊಂಡಿದ್ದ ವಾಕ್ಯ ತೋರಿಸುತ್ತಿದ್ದೆ: ಇದು ವ್ರತವಲ್ಲ, ಚಿಕಿತ್ಸೆ. ಒಬ್ಬರು ಅದನ್ನು ಓದಿ, "ಹೌದಮ್ಮಾ, ವ್ರತಾನೇ ದೊಡ್ಡ ಚಿಕಿತ್ಸೆ," ಎಂದು ಫೋನನ್ನು ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟರು.

ಬಾಣಾವರದ ಒಬ್ಬರು ಬಂದದ್ದು ಆ ಗುಂಪಿನಲ್ಲಿ. ಅಪ್ಪನಿಗೆ ಕಚೇರಿಯ ಪರಿಚಯ. ತೆಂಗಿನ ತೋಟ, ಅಂಗಡಿ, ಮಠದಲ್ಲಿ ಮರ್ಯಾದೆ, ಎಲ್ಲ ಇದ್ದ ಯಜಮಾನರು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟರೆ ಒಳಗೆ ಉಂಡೆ ಕೊಬ್ಬರಿಯಾಗುತ್ತದೆ. ಯಾವಾಗ ಮಾರಬೇಕು ಎಂಬುದೇ ನಮ್ಮ ಸೀಮೆಯ ದೊಡ್ಡ ಪ್ರಶ್ನೆ. ಅವರ ಅಟ್ಟ ತುಂಬಿತ್ತು.

"ಮಗಾ, ಕೊಬ್ರಿ ರೆಡಿ ಐತೆ," ಅಂದರು ಕೂತು. "ಇನ್ನಷ್ಟು ದಿನ ಇಟ್ಕೊಳ್ಳಾನ ಅಂತ ಮನಸು. ಇಟ್ಕೊಳ್ಳಲಾ?"

ನನ್ನನ್ನು ಕೇಳಬೇಡಿ ಎಂದು ತಲೆ ಅಲ್ಲಾಡಿಸಿದೆ.

ಅವರು ನನ್ನ ತಲೆಯನ್ನೇ ನೋಡಿ, ಕೈಮುಗಿದು ಎದ್ದರು. ಅವರು ಹೋದ ಮೇಲೆ ಅಜ್ಜಿ ಅರ್ಥ ಹೇಳಿದರು. ದೇವಸ್ಥಾನದಲ್ಲಿ ಪ್ರಸಾದ ಕೇಳುವುದು ಅಂತಿದೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ವಿಗ್ರಹದ ಮುಂದೆ ನಿಂತರೆ, ಮುಡಿಸಿದ ಹೂವು ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಬೇಡ.

"ನಿನ್ನ ತಲೆ ಮೊದ್ಲು ಬಲಕ್ಕೆ ಹೋಯ್ತು ಕಣೇ," ಅಂದರು ಅಜ್ಜಿ. "ನಾನೂ ನೋಡ್ದೆ."

ಕೊಬ್ಬರಿಯ ಧಾರಣೆ ಏರಿತು. ಅದು ಏರುವ ಕಾಲವೇ, ಪತ್ರಿಕೆಯಲ್ಲೂ ಬಂದಿತ್ತು. ಆದರೆ ಪತ್ರಿಕೆಗೆ ಯಾರೂ ಬಾಳೆಹಣ್ಣು ಕೊಡಲಿಲ್ಲ. ನಮ್ಮ ಮನೆಗೆ ಬರುವವರು ಹೆಚ್ಚಿದರು, ಗೆಂಡೆಹಳ್ಳಿ ಕಡೆಯಿಂದ ಜೀಪು ಮಾಡಿಕೊಂಡು ಒಂದು ಸಂಸಾರ ಬಂತು. ನಾನು ಕುತ್ತಿಗೆಗೆ ಮಫ್ಲರ್ ಸುತ್ತಿ ತಲೆ ಅಲ್ಲಾಡದ ಹಾಗೆ ಕೂರುವುದನ್ನು ಕಲಿತೆ. ಒಳಗೆ ಮಾತ್ರ ಪ್ರತಿಯೊಬ್ಬರಿಗೂ ಉತ್ತರ ತಯಾರಾಗುತ್ತಿತ್ತು, ಪೀಠಿಕೆ, ಮೂರು ಅಂಶ, ಉಪಸಂಹಾರ. ಉತ್ತರ ತಯಾರಾದಾಗ ಗಂಟಲು ತನ್ನಷ್ಟಕ್ಕೇ ಬಿಗಿಯುತ್ತದೆ ಎಂದು ಆಗ ತಿಳಿಯಿತು. ಮಾತಾಡದೆಯೂ ಗಂಟಲು ಕೆಲಸ ಮಾಡುತ್ತಿರುತ್ತದೆ. ಇದನ್ನು ಟೀಚರಿಗೆ ಮೆಸೇಜು ಮಾಡಿದೆ. "ಹಾಗಾದರೆ ಯೋಚನೆಯನ್ನೂ ನಿಲ್ಲಿಸು," ಎಂದು ಉತ್ತರ ಬಂತು.

ತಪಾಸಣೆಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ ಬಾಣಾವರದ ಯಜಮಾನರು ಮತ್ತೆ ಬಂದರು. ಈ ಸಲ ಸೇಬು, ದ್ರಾಕ್ಷಿ, ಹೂವಿನ ಹಾರ. ಹಾರವನ್ನು ನನಗೆ ಹಾಕಲು ಅಮ್ಮ ಬಿಡಲಿಲ್ಲ, ಟೀವಿಯ ಪಕ್ಕ ಇಟ್ಟರು.

"ತಾಯಿ," ಅಂದರು. ಮಗಾ ಹೋಗಿ ತಾಯಿ ಆಗಿತ್ತು. "ನಂದು ಅಟ್ಟದಾಗೆ ಹಂಗೇ ಐತೆ. ಈಗ ಇಬ್ರು ಅಣ್ತಮ್ಮಂದಿರದ್ದೂ ನಾನೇ ಹಿಡ್ಕೊಳ್ಳಾನ ಅಂತ. ಯಾರೂ ಮಾರಲ್ಲ. ನೀವು ಹೂಂ ಅಂದ್ರೆ ಅಷ್ಟೇ."

ಇದು ಬೇರೆ ಮಾತಾಯಿತು. ಧಾರಣೆ ಏರಿದಷ್ಟೇ ಬೇಗ ಇಳಿಯುವುದನ್ನು ಆ ಸೀಮೆಯಲ್ಲಿ ಹುಟ್ಟಿದ ಯಾರೂ ನೋಡಿಲ್ಲದೆ ಇಲ್ಲ. ಮೂರು ಮನೆಯ ಅಟ್ಟ ನನ್ನ ಕುತ್ತಿಗೆಯ ಮೇಲೆ ಕೂತಿತ್ತು. ಫೋನು ತೆಗೆದು ಬರೆದೆ: ನನಗೆ ಕೊಬ್ಬರಿ ಬಗ್ಗೆ ಏನೂ ಗೊತ್ತಿಲ್ಲ, ನನ್ನ ಮಾತಿನ ಮೇಲೆ ಏನೂ ಮಾಡಬೇಡಿ.

ಅವರು ಫೋನನ್ನು ನೋಡಲಿಲ್ಲ. "ಬರವಣಿಗೆ ಬ್ಯಾಡ ತಾಯಿ. ಅದು ನಿಮ್ಮ ಬುದ್ಧಿ. ನಿಮ್ಮ ಬುದ್ಧಿ ಕೇಳಕ್ಕೆ ನಾನ್ ಬಂದಿಲ್ಲ. ನೀವು ಹಂಗೇ ಕೂತ್ಕಳಿ, ಆಗೋದು ಆಯ್ತದೆ."

ಹಾಗೇ ಕೂತೆ. ಕಣ್ಣು ಕೂಡ ಆಡಿಸಲಿಲ್ಲ. ಅವರೂ ಕೂತರು. ಹೂವು ಬೀಳದಿದ್ದರೆ ಬೀಳುವವರೆಗೆ ಕಾಯುತ್ತಾರೆ, ಅವರಿಗೆ ಅದು ಹೊಸದಲ್ಲ. ಅಮ್ಮ ಕಾಫಿ ಕೊಟ್ಟರು, ಕುಡಿದರು. ಪತ್ರಿಕೆ ಕೊಟ್ಟರು, ಪಕ್ಕಕ್ಕಿಟ್ಟರು. ಅಪ್ಪ ಕಚೇರಿಗೆ ಹೊತ್ತಾಯಿತೆಂದು ಹೋದರು. ಹಾರದ ಹೂವಿನ ಪುಡಿಯೋ ಏನೋ, ನನಗೆ ಗಂಟಲಿನಲ್ಲಿ ಕೆರೆತ ಶುರುವಾಯಿತು. ನೀರಿನ ಲೋಟ ಬಲಗಡೆ ಇತ್ತು. ಬಲಕ್ಕೆ ತಿರುಗಿದರೆ ಮೂರು ಮನೆ ಕೊಬ್ಬರಿ.

ನನ್ನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. "ಯಜಮಾನ್ರೇ, ನಾನು ಆಸ್ಪತ್ರೆ ಕೇಸು." ಅಷ್ಟೇ. ಅದನ್ನು ಆಡಿದರೆ ಎಲ್ಲ ಮುಗಿಯುತ್ತಿತ್ತು. ಇಷ್ಟು ವಾರ ಬಾಯಿ ಬಿಗಿಹಿಡಿದದ್ದೂ ಮಣ್ಣುಪಾಲಾಗುತ್ತಿತ್ತು. ಒಂದು ವಾಕ್ಯದಿಂದ ಏನಾಗುತ್ತದೆ ಎಂದು ಡಾಕ್ಟರನ್ನು ಕೇಳಿದ್ದೆ, ಬರೆದು. ಒಂದೇ ವಾಕ್ಯಕ್ಕೆ ನಿಲ್ಲಿಸುವವರು ತಮ್ಮ ಹತ್ತಿರ ಬರುವುದಿಲ್ಲ ಎಂದಿದ್ದರು. ತುಟಿ ತೆರೆದೆ. ಯಜಮಾನರು ಮುಂದಕ್ಕೆ ಬಾಗಿದರು.

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಸೊಪ್ಪು ಬಿಡಿಸುವ ಮೊರ ಹಿಡಿದುಕೊಂಡು ಬಂದು ನಮ್ಮಿಬ್ಬರ ಮಧ್ಯೆ ಕೂತರು.

"ಏನಂದ್ರಿ, ಪ್ರಸಾದ ಆಯ್ತೋ?"

"ಇಲ್ಲ ಕಣ್ರವ್ವಾ. ಅಳ್ಳಾಡ್ತಾನೇ ಇಲ್ಲ."

"ಎಷ್ಟು ಹೊತ್ತಾಯ್ತು ಕೂತು?"

"ಬೆಳಿಗ್ಗೆಯಿಂದ ಕುಂತಿವ್ನಿ."

"ನಿಮ್ಮ ಕಡೆ ದೇವಸ್ಥಾನದಲ್ಲಿ ಬೆಳಿಗ್ಗೆಯಿಂದ ಹೂವು ಬೀಳ್ಲಿಲ್ಲ ಅಂದ್ರೆ ಏನಂತಾರೆ?"

ಯಜಮಾನರು ಯೋಚಿಸಿದರು. "ದೇವ್ರು ಒಪ್ತಿಲ್ಲ ಅಂತಾರೆ."

"ಯಾವುದನ್ನ ಒಪ್ತಿಲ್ಲ?"

"ಕೇಳಿದ್ದನ್ನ."

"ಅದೇ. ನಿಮ್ಮದು ಕೇಳಿದ್ರಿ, ಹೇಳ್ತು. ಮಂದಿದು ಕೇಳಿದ್ರಿ, ಹೇಳ್ಲಿಲ್ಲ. ಅವರವರ ಕೊಬ್ಬರಿ ಅವರವರು ನೋಡ್ಕೊಳ್ಳಲಿ ಅಂತ. ಏಳಿ, ಉಪ್ಪಿಟ್ಟು ಆಗಿದೆ."

ಅವರು ಎದ್ದು ಉಪ್ಪಿಟ್ಟು ತಿಂದರು. ಹೋಗುವಾಗ, "ದೊಡ್ಡವರು ಇರೋ ಮನೆ ಇದು," ಅಂದರು ಅಮ್ಮನಿಗೆ. ನಾನು ನೀರು ಕುಡಿದೆ. ಎದುರಾಳಿ ನಂಬಿದ ಪ್ರಮಾಣದಿಂದಲೇ ಎದುರಾಳಿಯನ್ನು ಒಪ್ಪಿಸುವುದು ಹೇಗೆ ಎಂದು ನಾನು ಬೇಲೂರಿನ ಮಕ್ಕಳಿಗೆ ಎರಡು ತರಗತಿ ತೆಗೆದುಕೊಂಡಿದ್ದೆ. ಅಜ್ಜಿ ಆ ಹೊತ್ತಿನಲ್ಲಿ ಸೊಪ್ಪೂ ಬಿಡಿಸಿ ಮುಗಿಸಿದ್ದರು.

ಮರುದಿನ ಹಾಸನದಲ್ಲಿ ಪರದೆಯ ಮೇಲೆ ಊತ ಕಾಣಲಿಲ್ಲ. ಒಂದು ಕಡೆ ಸ್ವಲ್ಪ ಕೆಂಪು ಇತ್ತು, ಅದು ಹೋಗುತ್ತದೆ ಎಂದರು. ಇನ್ನು ದಿನಕ್ಕೆ ಇಷ್ಟೇ ನಿಮಿಷ ಎಂದು ಮಾತು ಅಳೆದುಕೊಟ್ಟರು. ಹಾಡಬಹುದೇ ಎಂದು ಬರೆದು ಕೇಳಿದೆ.

"ಹಾಡಿ. ಹಾಡಿಗೆ ನನ್ನ ಅಭ್ಯಂತರ ಯಾವತ್ತೂ ಇರ್ಲಿಲ್ಲ. ಚರ್ಚೆ ಹೇಳಿಕೊಡೋದು ಬಿಡಿ. ಎರಡೂ ಆಗಲ್ಲ ಈ ಗಂಟಲಿಗೆ."

ಹಾಡುವ ಮೊದಲ ಸದ್ದನ್ನು ಟೀಚರ್ ಮನೆಯಲ್ಲೇ ಮಾಡಬೇಕೆಂದು ಅಲ್ಲಿಯವರೆಗೂ ಸುಮ್ಮನಿದ್ದೆ. ಮೊದಲ ಸದ್ದು ಯಾವುದು ಎಂದು ಊರಿನವರಿಗೆ ಕುತೂಹಲವಿತ್ತು. ದೇವರ ನಾಮ ಎಂದು ಆಂಟಿ, ಶಂಖದ ಹಾಗೆ ಓಂಕಾರ ಎಂದು ಇನ್ನೊಬ್ಬರು. ಟೀಚರ್ ಹೇಳಿಕೊಟ್ಟದ್ದು ತುಟಿ ಸಡಿಲ ಬಿಟ್ಟು ಮಕ್ಕಳು ಬಸ್ಸು ಬಿಡುವ ಹಾಗೆ ಬುರ್ರ್ ಎನ್ನುವುದು. ತಂತುಗಳಿಗೆ ಅದು ಹಗುರ. ಹಾಗೆ ಬಸ್ಸು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋದೆ. ನಡುವಿನ ಜಾಗ ಬಂತು, ದಾಟಿತು. ಟೀಚರ್ ಏನೂ ಹೇಳದೆ ಮುಂದಿನ ಸ್ವರ ನುಡಿಸಿದರು. ಅದರ ಮುಂದಿನದು. ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಉಂಟು," ಅಂದರು.

ಪರೀಕ್ಷೆಯ ದಿನ ಹಾಡಿದೆ. ಪಿಯಾನೋ ಷಡ್ಜ ಬದಲಾಯಿಸಿದಾಗ ನಾನೂ ಹೋದೆ. ಯಾಕೆ ಈ ಪಾತ್ರ ಬೇಕು ಎಂದು ತಂಡದವರು ಕೇಳಿದರು. ಅಂದಿನ ಪಾಲಿನ ಮಾತು ರೈಲಿನಲ್ಲಿ ಸೀಟಿನ ವಿಷಯಕ್ಕೆ ಸ್ವಲ್ಪ ಖರ್ಚಾಗಿತ್ತು. "ಹಾಡಬೇಕು, ಅದಕ್ಕೆ," ಅಂದೆ. ಉತ್ತರ ಇನ್ನೂ ಬರುತ್ತದೆ ಎಂದು ಅವರು ಕಾದರು. ವಾರದ ನಂತರ ಪಾತ್ರ ಕೊಟ್ಟಿದ್ದೇವೆ ಎಂದು ಫೋನು ಬಂತು. ತಟ್ಟೆ ಹಿಡಿದು ಬರಬೇಕು, ಯಜಮಾನಿಗೆ ಒಂದು ಸುದ್ದಿ ಹಾಡಿ ಹೇಳಬೇಕು, ಬೈಸಿಕೊಂಡು ಹೋಗಬೇಕು. ಅಜ್ಜಿ ಕೇಳಿ, "ಎದುರು ಮಾತಾಡಲ್ವಾ ಅವಳು?" ಅಂದರು. ಇಲ್ಲ ಎಂದೆ. "ನಿಂಗೆ ಕಷ್ಟ," ಅಂದರು.

ಆ ವಾರವೇ ಹಳೇಬೀಡಿಗೆ ಹೋದೆ. ಬೇಲೂರಿನ ಶಾಲೆಗಳಿಗೆ ಪತ್ರ ಹಾಕಿ ಕೆಲಸ ಬಿಟ್ಟಿದ್ದೆ. ಹಳೇಬೀಡಿನ ಹುಡುಗರಿಗೆ ಮುಂದಿನ ತಿಂಗಳು ಸ್ಪರ್ಧೆಯಿತ್ತು, ಎದುರಿಗೆ ನಿಂತು ಹೇಳುವುದು ನ್ಯಾಯ ಅನ್ನಿಸಿತು. ಕಾರಣಗಳನ್ನು ಬಸ್ಸಿನಲ್ಲಿ ಕೂತು ಕಡಿಮೆ ಮಾಡಿಕೊಂಡು ಹೋಗಿದ್ದೆ. ಡಾಕ್ಟರು ಹೀಗೆ ಹೇಳಿದ್ದಾರೆ, ಎರಡೂ ಆಗುವುದಿಲ್ಲ, ನಾನು ಹಾಡ್ತೀನಿ, ಇನ್ನು ಬರಲ್ಲ.

ಎರಡನೇ ಬೆಂಚಿನ ಹುಡುಗಿ ಎದ್ದಳು. ಯಾವ ವಿಷಯಕ್ಕೂ ವಿರುದ್ಧ ಪಕ್ಷವನ್ನೇ ಕೇಳಿ ಪಡೆಯುತ್ತಿದ್ದವಳು.

"ಮೇಡಂ, ಖಂಡನೆಗೆ ಅವಕಾಶ ಇದೆಯಾ?"

ಇದೆ ಎಂದು ಕೈಯಲ್ಲೇ ತೋರಿಸಿದೆ.

"ಡಾಕ್ಟರು ಮಾತಾಡ್ಬೇಡಿ ಅಂದಿದ್ದಾರೆ. ಕೇಳ್ಬೇಡಿ ಅಂದಿದ್ದಾರಾ?"

"ಇಲ್ಲ."

"ನಾವು ಮಾತಾಡ್ತೀವಿ, ನೀವು ಕೇಳಿ. ತಪ್ಪಿದ್ರೆ ಬರ್ಕೊಡಿ. ಅದಕ್ಕೆ ನಿಮ್ಮ ಗಂಟಲು ಯಾಕ್ ಬೇಕು?"

"ನಾನು ಹೇಳ್ಕೊಡದೆ..."

"ಮೇಡಂ, ನೀವು ಹೇಳ್ಕೊಡುವಾಗ ನಮಗೆ ಮಾತಾಡಕ್ಕೆ ಟೈಮ್ ಎಲ್ಲಿತ್ತು?"

ಹಿಂದಿನ ಬೆಂಚಿನಿಂದ ಯಾರೋ ಮೇಜು ತಟ್ಟಿದರು. ಬಸ್ಸಿನ ಹೊತ್ತಾಯಿತೆಂದು ಹೊರಟೆ. ಜಾವಗಲ್ ದಾಟುವವರೆಗೂ ಆ ಹುಡುಗಿಯ ವಾದದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಶನಿವಾರ ಟೀಚರ್ ಮನೆಯಲ್ಲಿ ಪಾಠ, ಭಾನುವಾರ ಆಪರಾದವರ ತಾಲೀಮು. ಬುಧವಾರ ಖಾಲಿಯಿತ್ತು. ಬುಧವಾರ ಬರುತ್ತೇನೆ, ನನಗೆ ಹಿಂದಿನ ಬೆಂಚು ಖಾಲಿ ಇಡಿ ಎಂದು ಹಳೇಬೀಡಿನ ಹುಡುಗರಿಗೆ ಮೆಸೇಜು ಹಾಕಿದೆ.